ಜಿಪ್ಸಿ ಕಿಟ್ ಯಾರು ಮಾಡುತ್ತಾರೆ? ಗೋಣಿಕೊಪ್ಪದ ಓದುಗರಿಗೆ ಸಂಪಾದಕರ ಉತ್ತರ

ಗೋಣಿಕೊಪ್ಪದಿಂದ ಬಂದ ಪತ್ರ ಉದ್ದವಾಗಿತ್ತು, ಪೂರ್ತಿ ಹಾಕಲು ಜಾಗವಿಲ್ಲ. ಸಾರ ಇಷ್ಟು. ಬರೆದವರು ಮೆಕ್ಯಾನಿಕ್. ಹಗಲು ಜೀಪು, ಪಿಕಪ್ ರಿಪೇರಿ, ರಾತ್ರಿ ಊಟ ಮುಗಿದ ಮೇಲೆ ಪ್ಲಾಸ್ಟಿಕ್ ಕಾರ್ ಕಿಟ್, ಅಂದರೆ ಬಿಡಿಭಾಗ ಅಂಟಿಸಿ ಕಟ್ಟುವ ಪುಟ್ಟ ಕಾರು, ಜೋಡಿಸುವ ಹವ್ಯಾಸ. ಹೊಸ ಡಬ್ಬ ನೋಡಿ ದುಡ್ಡು ಕೊಟ್ಟು ತರಿಸಿದ ಕಿಟ್ಟಿನ ಒಳಗೆ ಇದ್ದದ್ದು ಹಳೇ ಕಾಲದ ಅಚ್ಚಿನ ಮಾಲು ಅಂತ ಅವರಿಗೆ ಸಿಟ್ಟು. ಬಾನೆಟ್ ಕೆಳಗೆ ಎಂಜಿನ್ನೇ ಕೊಡದ ಕಿಟ್ಟಿಗೂ ಅಷ್ಟೇ ಬೆಲೆ ಯಾಕೆ ಅಂತ ಪ್ರಶ್ನೆ. ಫೆರಾರಿ, ಸ್ಕೈಲೈನ್ ಎಷ್ಟು ಬೇಕಾದರೂ ಸಿಗುತ್ತೆ, ನಮ್ಮ ಮಾರುತಿ ಜಿಪ್ಸಿ ಮಾತ್ರ ಸಿಗಲ್ಲ ಅಂತ ಬೇಸರ. ಕೊನೆಯ ಸಾಲು ಹೀಗಿದೆ: "ನಮ್ಮಂಥವರು ಹೇಳಿದ್ದನ್ನ ಕಂಪನಿಯವರು ಕೇಳ್ತಾರಾ ಸರ್, ಇಲ್ಲ ಸುಮ್ನೆ ಬರೀತಾ ಇರೋದಾ?" ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ನಮಸ್ಕಾರ ಸರ್. ಪತ್ರ ಓದಿ ಖುಷಿಯಾಯಿತು, ಅದರಲ್ಲೂ ನಿಮ್ಮ ಸಿಟ್ಟು ನೋಡಿ. ಕಿಟ್ ಚೆನ್ನಾಗಿರಬೇಕು ಅನ್ನುವ ಆಸೆ ಇರುವವರಿಗೇ ಇಷ್ಟು ಸಿಟ್ಟು ಬರುವುದು.

ಕಂಪನಿಯವರು ಕೇಳುತ್ತಾರೆ ಅಂತಲೇ ನಾನು ನಂಬಿದ್ದೇನೆ. ಮೋಬಿಯಸ್ ಅನ್ನುವ ಅಮೆರಿಕದ ಸಣ್ಣ ಕಂಪನಿಯನ್ನು ನೋಡಿ. 1/25 ಅಳತೆಯಲ್ಲಿ, ಅಂದರೆ ಅಸಲಿ ಕಾರಿನ ಇಪ್ಪತ್ತೈದರಲ್ಲಿ ಒಂದು ಪಾಲು ಗಾತ್ರದಲ್ಲಿ, 1952ರ ಹಡ್ಸನ್ ಹಾರ್ನೆಟ್ ಕಾರಿಗೆ ಪೂರ್ತಿ ಹೊಸ ಅಚ್ಚು ಮಾಡಿಸಿ ಕಿಟ್ ತಂದಿತು. ಹಡ್ಸನ್ ಹೆಸರಿನ ಕಾರು ತಯಾರಾಗುವುದು 1957ಕ್ಕೇ ನಿಂತುಹೋಗಿದೆ. ಹೊರಗಿನವರಿಗೆ ಆ ಹೆಸರೇ ಗೊತ್ತಿರಲ್ಲ. ಆದರೂ ಕಿಟ್ ಬಂತು, ಜನ ಕೊಂಡರು, ಹೊಗಳಿದರು. ಅಂದರೆ ಎಲ್ಲರಿಗೂ ಗೊತ್ತಿರುವ ಕಾರನ್ನೇ ಮಾಡಬೇಕು ಅಂತ ಏನೂ ನಿಯಮ ಇಲ್ಲ. ಆದರೆ ನಾವು ಏನು ಕೇಳುತ್ತಿದ್ದೇವೆ ಅನ್ನುವುದು ಮೊದಲು ನಮಗೆ ಖಚಿತ ಇರಬೇಕು. ಅಲ್ಲಿ ನಿಮ್ಮ ಜೊತೆ ನನಗೆ ಸ್ವಲ್ಪ ಜಗಳ ಇದೆ.

ಎಂಜಿನ್ ವಿಷಯ ಮೊದಲು ತೆಗೆದುಕೊಳ್ಳುತ್ತೇನೆ. ನೀವು ಮೆಕ್ಯಾನಿಕ್, ಬಾನೆಟ್ ಎತ್ತಿ ನೋಡುವುದೇ ನಿಮ್ಮ ಕೆಲಸ, ಹಾಗಾಗಿ ಎಂಜಿನ್ ಇಲ್ಲದ ಕಿಟ್ ನಿಮಗೆ ಅರ್ಧ ಕಿಟ್ ಅನ್ನಿಸುತ್ತೆ. ನನಗೆ ಹಾಗೆ ಅನ್ನಿಸಲ್ಲ. ಒಂದು ಕಿಟ್ಟಿನಲ್ಲಿ ದೊಡ್ಡ ಖರ್ಚು ಪ್ಲಾಸ್ಟಿಕ್ಕಿನದ್ದಲ್ಲ, ಉಕ್ಕಿನ ಅಚ್ಚಿನದ್ದು. ಕರಗಿಸಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಭಾರಿ ಒತ್ತಡದಲ್ಲಿ ಆ ಅಚ್ಚಿಗೆ ನುಗ್ಗಿಸುತ್ತಾರೆ. ಭಾಗ ಜಾಸ್ತಿಯಾದಷ್ಟೂ ಅಚ್ಚು ದೊಡ್ಡದಾಗುತ್ತೆ, ಖರ್ಚು ಏರುತ್ತೆ. ಕೈಯಲ್ಲಿರುವ ದುಡ್ಡು ಇಷ್ಟೇ ಅಂದಾಗ ಅದನ್ನು ಬಾಡಿಯ ಆಕಾರಕ್ಕೆ ಹಾಕಲಿ ಅನ್ನುವವನು ನಾನು. ಎಂಜಿನ್ ಇದೆಯಾ ಇಲ್ಲವಾ ಅನ್ನುವುದನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆಯಲಿ, ಇಲ್ಲದ್ದಕ್ಕೆ ಬೆಲೆ ಇಳಿಸಲಿ. ಬೆಲೆ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಆಕಾರ ಅಂದೆನಲ್ಲ, ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಇಟಾಲೇರಿ ಕಂಪನಿ 1/24ರಲ್ಲಿ ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಕಿಟ್ ಮಾಡಿದೆ. ಜಪಾನಿನ ಟಮಿಯಾ ಕಂಪನಿಯದ್ದು 1/35ರಲ್ಲಿದೆ. ಆ ಯುದ್ಧದ ಜೀಪಿಗೇ ಹಸಿರು ಬಣ್ಣ ಹೊಡೆದು ಮಂಡಲ್‌ಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಹಳೇ ಮಹೀಂದ್ರಾ ಅಂತ ಶೋಕೇಸಿನಲ್ಲಿಟ್ಟರೆ ಕೊಡಗಿನಲ್ಲಿ ಯಾರು ಒಪ್ಪುತ್ತಾರೆ? ಮಹೀಂದ್ರಾದವರು ವರ್ಷಗಟ್ಟಲೆ ಮಾಡಿದ್ದು ಸಿಜೆ-3ಬಿ ಮಾದರಿ. ಅದರ ಎಂಜಿನ್ ಎತ್ತರ, ಅದಕ್ಕಾಗಿ ಬಾನೆಟ್ಟನ್ನೂ ಎತ್ತರಿಸಿದರು. ಚಕ್ರಗಳ ನಡುವಿನ ದೂರ ಎರಡಕ್ಕೂ 80 ಇಂಚೇ. ಆದರೂ ದೂರದಿಂದ ನೋಡಿದ ತಕ್ಷಣ ಇದು ಬೇರೆ ಗಾಡಿ ಅಂತ ಕಣ್ಣಿಗೆ ಹೊಡೆಯುತ್ತೆ. ಒಳಗೆ ಪ್ಲಗ್ ವೈರು ಸಮೇತ ಎಂಜಿನ್ ಕೊಟ್ಟು ಮೇಲೆ ಬಾನೆಟ್ ಗೆರೆ ತಪ್ಪಿಸಿದರೆ ಆ ಕಿಟ್ ನನಗೆ ಬೇಡ. ಗಾಡಿ ನಿಲ್ಲುವ ಎತ್ತರವೂ ಹಾಗೇ. ಟೈರು ಮಡ್‌ಗಾರ್ಡ್ ಒಳಗೆ ಎಷ್ಟು ಕೂರಬೇಕೋ ಅಷ್ಟೇ ಕೂರಬೇಕು. ಎಷ್ಟೋ ಕಿಟ್ಟುಗಳಲ್ಲಿ ಎಲ್ಲ ಸರಿ ಇದ್ದು ಗಾಡಿ ಮಾತ್ರ ಜಾಕ್ ಮೇಲೆ ನಿಂತ ಹಾಗೆ ಕಾಣುತ್ತೆ, ಅಲ್ವಾ?

ಇನ್ನು ಹಳೇ ಅಚ್ಚು. ಉಕ್ಕಿನ ಅಚ್ಚು ಬಾಳಿಕೆ ಬರುತ್ತೆ, ಕಂಪನಿ ಕೈ ಬದಲಾದರೂ ಅಚ್ಚು ಓಡುತ್ತಲೇ ಇರುತ್ತೆ. ಅಮೆರಿಕದ ಕಿಟ್ ಕಂಪನಿಗಳಾದ ರೆವೆಲ್ ಮತ್ತು ಮೊನೋಗ್ರಾಮ್ 1986ರಲ್ಲಿ ಒಂದಾದವು, ಆಮೇಲೆ ಮೊನೋಗ್ರಾಮ್ ಅಚ್ಚಿನ ಕಿಟ್ ರೆವೆಲ್ ಡಬ್ಬದಲ್ಲಿ ಬಂತು. ಅಲ್ಲಿನದೇ ಎಎಂಟಿ ಕಂಪನಿಯ 1960ರ ದಶಕದ ಅಚ್ಚುಗಳಿಂದ ಈಗ ರೌಂಡ್ 2 ಕಂಪನಿ ಕಿಟ್ ತೆಗೆಯುತ್ತಿದೆ. ಇದು ತಪ್ಪು ಅಂತ ನಾನು ಹೇಳಲ್ಲ. ಕೆಲವು ಕಾರುಗಳಿಗೆ ಆ ಹಳೇ ಅಚ್ಚು ಬಿಟ್ಟರೆ ಬೇರೆ ಗತಿಯೇ ಇಲ್ಲ. ಹಳಬರು ಚಿಕ್ಕಂದಿನಲ್ಲಿ ಕಟ್ಟಿದ ಕಿಟ್ಟನ್ನು ಇನ್ನೊಮ್ಮೆ ಕಟ್ಟುವುದೂ ಒಂದು ಸಂತೋಷ. ಆದರೆ ಅಚ್ಚು ಸವೆದಾಗ ಜೋಡಣೆಯ ಅಂಚಿನಲ್ಲಿ ತೆಳ್ಳಗೆ ಪ್ಲಾಸ್ಟಿಕ್ ರೆಕ್ಕೆ ಎದ್ದು ಬರುತ್ತೆ, ಬಾಗಿಲ ಗೆರೆ ಮಸುಕಾಗುತ್ತೆ. ಬ್ಲೇಡು, ಎಮರಿ ಪೇಪರ್ ಹಿಡಿದು ಕೂರುವವನು ಕೊಂಡವನು. ಹಾಗಾಗಿ ಈ ಅಚ್ಚು ಮೊದಲು ಯಾವ ವರ್ಷದ್ದು ಅಂತ ಡಬ್ಬದ ಬದಿಯಲ್ಲಿ ಒಂದು ಸಾಲು ಹಾಕಿ ಅಂತ ಎಲ್ಲ ಕಂಪನಿಗಳನ್ನೂ ಕೇಳಬೇಕು. ಬೇಳೆ ಪ್ಯಾಕೆಟ್ ಮೇಲೆ ತಾರೀಕು ಇರುತ್ತಲ್ಲ, ಹಾಗೆ. ಗೊತ್ತಿದ್ದು ಕೊಳ್ಳುವುದು ಬೇರೆ, ಹೊಸದು ಅಂತ ನಂಬಿ ಕೊಳ್ಳುವುದು ಬೇರೆ. ಈ ಒಂದು ಸಾಲಿಗೆ ಹೊಸ ಅಚ್ಚು ಬೇಡ, ಖರ್ಚೂ ಇಲ್ಲ.

ಖರ್ಚಿಲ್ಲದ ಬೇಡಿಕೆಗಳು ಇನ್ನೂ ಇವೆ, ಮಳೆ ಬೀಳುವ ನಮ್ಮ ಕಡೆಯವರಿಗೆ ಇವು ಮುಖ್ಯ. ಡೆಕಾಲ್ ಹಾಳೆಯನ್ನು (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ, ಅಕ್ಷರಗಳ ಹಾಳೆ) ಗಾಳಿ ಹೋಗದ ಹಾಗೆ ಸೀಲ್ ಮಾಡಿದ ಪ್ಯಾಕೆಟ್ಟಿನಲ್ಲಿ ಕೊಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ ಬರೀ ಪೇಪರ್ ಮುಚ್ಚಿದ ಡೆಕಾಲ್ ಉಳಿಯುವುದು ಕಷ್ಟ. ಟೈರುಗಳನ್ನೂ ಬೇರೆ ಕವರಿನಲ್ಲಿ ಹಾಕಬೇಕು. ಮೆತ್ತನೆಯ ವಿನೈಲ್ ಟೈರಿನಲ್ಲಿ ಅದನ್ನು ಮೆತ್ತಗಿಡುವ ಎಣ್ಣೆಯಂಥ ರಾಸಾಯನಿಕ ಇರುತ್ತೆ. ವರ್ಷಗಟ್ಟಲೆ ಕಿಟಕಿ ಗಾಜಿಗೋ ಬಾಡಿಗೋ ತಾಗಿಕೊಂಡಿದ್ದರೆ ಅದು ಪಾಲಿಸ್ಟೈರೀನನ್ನೇ ಕರಗಿಸುತ್ತೆ. ಗಾಜಿನ ಮೇಲೆ ಟೈರಿನ ಕಚ್ಚು ಅಚ್ಚೊತ್ತಿದ ಹಾಗೆ ಕೂತ ಕಿಟ್ಟುಗಳಿವೆ, ಎಷ್ಟು ಉಜ್ಜಿದರೂ ಹೋಗಲ್ಲ. ಒಂದು ಸಣ್ಣ ಕವರಿನಲ್ಲಿ ನಿಲ್ಲಿಸಬಹುದಾದ ನಷ್ಟ ಇದು.

ಬಣ್ಣದ ಸೂಚನೆಯನ್ನೂ ಬದಲಿಸಬೇಕು. ಕೈಪಿಡಿಯಲ್ಲಿ ಟಿಎಸ್-26 ಅಂತ ಬರೆದರೆ ಅದು ಟಮಿಯಾ ಸ್ಪ್ರೇ ಡಬ್ಬಿಯ ನಂಬರು, ಬಿಳಿ. ಆ ಡಬ್ಬಿ ಕೊಡಗಿನ ಯಾವ ಅಂಗಡಿಯಲ್ಲಿ ಕೇಳುವುದು? ಅದೇ ಅಸಲಿ ಕಾರಿನ ಬಣ್ಣದ ಹೆಸರನ್ನೂ ಪಕ್ಕದಲ್ಲಿ ಕೊಟ್ಟರೆ ನಮ್ಮ ಕೆಲಸ ಸುಲಭ. ಮಾರುತಿಯ ಸುಪೀರಿಯರ್ ವೈಟ್ ಅಂದರೆ ಟಿಂಕರಿಂಗ್ ಶೆಡ್ಡಿನ ಹುಡುಗನಿಗೂ ಗೊತ್ತಾಗುತ್ತೆ. (ಶೆಡ್ಡಿನ ಪೇಂಟನ್ನು ನೇರವಾಗಿ ಕಿಟ್ ಮೇಲೆ ಹೊಡೆಯಬೇಡಿ. ಆ ಥಿನ್ನರ್ ಪ್ಲಾಸ್ಟಿಕ್ಕನ್ನು ತಿನ್ನುತ್ತೆ. ಪ್ರೈಮರ್ ಹಾಕಿ, ತೆಳ್ಳಗೆ ಪದರ ಪದರವಾಗಿ ಹೊಡೆಯಿರಿ. ಮಳೆಯ ದಿನ ಬೇಡವೇ ಬೇಡ, ಥಿನ್ನರ್ ಆರುವಾಗ ತಂಪಾಗಿ ಗಾಳಿಯ ತೇವ ಎಳೆದುಕೊಂಡು ಬಣ್ಣದ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತೆ.) ಮತ್ತೆ ಬಾಡಿಯನ್ನು ಬಿಳಿ ಇಲ್ಲವೇ ಬೂದು ಪ್ಲಾಸ್ಟಿಕ್ಕಿನಲ್ಲಿ ಕೊಡಲಿ. ಕೆಂಪು ಪ್ಲಾಸ್ಟಿಕ್ ಮೇಲೆ ಬಿಳಿಯೋ ಹಳದಿಯೋ ಹೊಡೆದರೆ ಕೆಂಪು ಮೇಲಕ್ಕೆ ಸೋರುತ್ತೆ. ಬಣ್ಣ ಹೊಡೆಯುವ ಗೋಜೇ ಬೇಡ ಅನ್ನುವ ಮಕ್ಕಳಿಗೆ ಅಂಟಿಲ್ಲದೆ ಕೂರುವ ಬಣ್ಣದ ಕಿಟ್ಟುಗಳು ಬೇರೆ ಇರಲಿ. ಜಪಾನಿನ ಆವೊಶಿಮಾ ಕಂಪನಿ 1/32ರಲ್ಲಿ ಸುಜುಕಿಯ ಹೊಸ ಜಿಮ್ನಿಯನ್ನು ಹಾಗೇ ಕೊಟ್ಟಿದೆ, ಬಹಳ ಒಳ್ಳೆಯ ಕೆಲಸ.

ಒಂದು ಭಾಗ ಕಳೆದುಹೋದರೆ ಆ ಒಂದು ಫ್ರೇಮನ್ನು (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಮಾತ್ರ ತರಿಸಿಕೊಳ್ಳುವ ವ್ಯವಸ್ಥೆಯೂ ಬೇಕು. ಟಮಿಯಾ ತನ್ನ ಕೈಪಿಡಿಯಲ್ಲೇ ಬಿಡಿಭಾಗಗಳ ನಂಬರ್ ಪಟ್ಟಿ ಹಾಕುತ್ತೆ. ಎಲ್ಲರೂ ಹಾಕಲಿ. ನಿಮ್ಮ ಗ್ಯಾರೇಜಿಗೆ ಒಂದು ಇಂಡಿಕೇಟರ್ ಗಾಜು ಬೇಕೆಂದರೆ ಇಡೀ ಗಾಡಿ ಕೊಳ್ಳಿ ಅಂತ ಯಾರೂ ಹೇಳುವುದಿಲ್ಲವಲ್ಲ.

ಬೆಲೆಯಲ್ಲಿ ಕಂಪನಿಯ ಕೈ ಮೀರಿದ್ದೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಕಸ್ಟಮ್ಸ್ ಲೆಕ್ಕದಲ್ಲಿ ಈ ಕಿಟ್ಟುಗಳು ಆಟಿಕೆಗಳ ಜೊತೆಗೇ ಬರುತ್ತವೆ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದರು. ಇದರ ಮೇಲೆ ತೆರಿಗೆ, ಸಾಗಣೆ. ನೀವು ಕೊಟ್ಟ ದುಡ್ಡಿನ ದೊಡ್ಡ ಪಾಲು ಜಪಾನಿಗೆ ಹೋಗಿಲ್ಲ.

ಈಗ ಜಿಪ್ಸಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. 1985ರಲ್ಲಿ ಬಂದ ಗಾಡಿ, 2019ರಲ್ಲಿ ತಯಾರಿಕೆ ನಿಂತಿತು. ಸೈನ್ಯದಲ್ಲಿ ಇತ್ತು, ಪೊಲೀಸರಲ್ಲಿ ಇತ್ತು, ತೋಟದ ಕೆಸರಲ್ಲಿ ಇತ್ತು, ಗೋಣಿಕೊಪ್ಪ ಸುತ್ತಮುತ್ತ ಆಟೋಕ್ರಾಸ್ ಅನ್ನುವ ಗದ್ದೆ ಕಾರ್ ರೇಸ್ ನಡೆದರೆ ಗದ್ದೆಯಲ್ಲಿ ಧೂಳೆಬ್ಬಿಸುವುದೂ ಅದೇ. ಮನೆಗೊಬ್ಬರಾದರೂ ಸೈನ್ಯಕ್ಕೆ ಹೋದ ನಮ್ಮ ಜಿಲ್ಲೆಯಲ್ಲಿ ಆ ಗಾಡಿಯ ಜೊತೆ ಎಷ್ಟು ಜನರ ನೆನಪು ಅಂಟಿಕೊಂಡಿದೆಯೋ. ಇದರ ಕಿಟ್ ಬೇಕು ಅನ್ನುವುದು ಅತಿಯಾಸೆ ಖಂಡಿತ ಅಲ್ಲ.

ಆದರೆ ಪೂರ್ತಿ ಹೊಸ ಅಚ್ಚು ಮಾಡಿಸಿ ಅಂತ ಕೇಳಿದರೆ ಯಾವ ಕಂಪನಿಯೂ ಬೇಗ ಒಪ್ಪಲ್ಲ. ಎಷ್ಟು ಸಾವಿರ ಹೋಗುತ್ತೆ ಅಂತ ಕೇಳುತ್ತಾರೆ, ನಮ್ಮಲ್ಲಿ ಉತ್ತರ ಇಲ್ಲ. ಅದಕ್ಕೇ ಬೇರೆ ಥರ ಕೇಳೋಣ. ಜಪಾನಿನ ಹಾಸೆಗಾವಾ ಕಂಪನಿ 1/24ರಲ್ಲಿ ಹಳೇ ಜಿಮ್ನಿ, ಜೆಎ11 ಮಾದರಿಯ ಕಿಟ್ ಮಾಡಿದೆ. ಜಿಪ್ಸಿ ಅದೇ ಮನೆತನದ ಗಾಡಿ, ಉದ್ದ ಚಾಸಿಯದ್ದು. ಗಿಡ್ಡ ಜಿಮ್ನಿಯಲ್ಲಿ ಚಕ್ರದಿಂದ ಚಕ್ರಕ್ಕೆ 2030 ಮಿ.ಮೀ., ಜಿಪ್ಸಿಯಲ್ಲಿ 2375. ವ್ಯತ್ಯಾಸ 345. ಅದನ್ನು 24ರಿಂದ ಭಾಗಿಸಿ: ಸುಮಾರು 14 ಮಿ.ಮೀ. ಕಿಟ್ಟಿನಲ್ಲಿ ನಿಮ್ಮ ಕಿರುಬೆರಳಿನಷ್ಟು ಅಗಲ! ಅಗಲದಲ್ಲಿ ಜೆಎ11 1395 ಮಿ.ಮೀ., ಈಚಿನ ಜಿಪ್ಸಿ 1540. ಜಪಾನಿನ ಸಣ್ಣ ಕಾರಿನ ನಿಯಮಕ್ಕೆ ಆಗ 1400ರ ಮಿತಿ ಇತ್ತು, ನಮಗೆ ಅಂಥ ಮಿತಿ ಇರಲಿಲ್ಲ. ಕಿಟ್ಟಿನಲ್ಲಿ ಇದು 6 ಮಿ.ಮೀ. ಅಂದರೆ ಉದ್ದ ಚಾಸಿ, ಹಿಂದಿನ ಬಾಡಿ, ಅಗಲದ ಆಕ್ಸಲ್ಲು ಮತ್ತು ಮಡ್‌ಗಾರ್ಡ್ ಅಂಚು, ಟಾರ್ಪಾಲ್ ಹುಡ್ ಇರುವ ಹೊಸ ಫ್ರೇಮುಗಳು ಬೇಕು. ಸ್ಟೀರಿಂಗ್ ಬಲಗಡೆಯೇ ಇದೆ, ಜಪಾನಿನದೂ ಹಾಗೇ. ಸೀಟು, ಚಕ್ರ, ಮುಂದಿನ ಭಾಗದಲ್ಲಿ ಎಷ್ಟು ಹೊಂದುತ್ತೆ ಅಂತ ಕೂತು ಒಂದೊಂದಾಗಿ ನೋಡಬೇಕು, ಆ ಕೆಲಸಕ್ಕೆ ನಿಮ್ಮಂಥ ಕೈಯೇ ಬೇಕು. ಇದ್ದ ಅಚ್ಚಿಗೆ ಫ್ರೇಮು ಸೇರಿಸಿ ಹೊಸ ಮಾದರಿ ತರುವುದು ಈ ಕಂಪನಿಗಳಿಗೆ ದಿನನಿತ್ಯದ ಕೆಲಸ. ಹಾಗಾಗಿ ಕೇಳುವುದಾದರೆ ಇದನ್ನೇ ಕೇಳಬೇಕು.

ನಮ್ಮ ದೇಶದಲ್ಲೇ ಯಾಕಾಗಬಾರದು ಅಂತಲೂ ಕೇಳುತ್ತೇನೆ. ಸೆಂಟಿ ಟಾಯ್ಸ್‌ನವರು ಅಂಬಾಸಿಡರ್‌ನಂಥ ನಮ್ಮ ಗಾಡಿಗಳನ್ನು ಪ್ಲಾಸ್ಟಿಕ್ಕಿನಲ್ಲಿ, ಹಿಂದಕ್ಕೆಳೆದು ಬಿಟ್ಟರೆ ಓಡುವ ಆಟಿಕೆಯಾಗಿ ಮಾಡುತ್ತಿದ್ದಾರೆ. ಅಚ್ಚು ಮಾಡುವ ಕೈ ನಮ್ಮಲ್ಲಿದೆ, ಕೊಳ್ಳುವ ಪ್ರೀತಿಯೂ ಇದೆ. ಬಿಡಿಭಾಗವಾಗಿ, ಸರಿಯಾದ ಅಳತೆಯಲ್ಲಿ, ಒಂದೇ ಒಂದು ಗಾಡಿ ಕೊಟ್ಟು ನೋಡಲಿ. ಸುಂಕವೂ ಉಳಿಯುತ್ತೆ.

ನಾವು ಪತ್ರಿಕೆಯ ಪರವಾಗಿ ಕಂಪನಿಗಳಿಗೆ ಬರೆಯುತ್ತೇವೆ. ಬರೀ ಆಸೆ ಬರೆದು ಕಳಿಸಿದರೆ ಬೆಲೆ ಇಲ್ಲ, ಜೊತೆಗೆ ಅಳತೆ ಬೇಕು. ಅದನ್ನು ನೀವು ತೆಗೆದುಕೊಡಿ ಸರ್. ಬಾನೆಟ್ ತುದಿಯಿಂದ ಮುಂದಿನ ಗಾಜಿನ ಬುಡದ ತನಕ, ಗಾಜಿನ ಎತ್ತರ ಮತ್ತು ಓರೆ, ಬಾಗಿಲಿನ ಅಗಲ, ಹಿಂದಿನ ಚಕ್ರದ ನಡುವಿನಿಂದ ಬಾಡಿಯ ಕೊನೆ ತನಕ, ನೆಲದಿಂದ ಬಂಪರ್ ಎತ್ತರ. ಫೋಟೋ ಹತ್ತಿರದಿಂದ ತೆಗೆದರೆ ಮುಂಭಾಗ ಊದಿದ ಹಾಗೆ ಬರುತ್ತೆ. ಗಾಡಿಯನ್ನು ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ಸಾಕಷ್ಟು ದೂರ ಹೋಗಿ, ಕ್ಯಾಮೆರಾವನ್ನು ಚಕ್ರದ ನಡುವಿನ ಎತ್ತರಕ್ಕೆ ಇಳಿಸಿ, ಜೂಮ್ ಮಾಡಿ ತೆಗೆಯಿರಿ. ಒಂದೇ ಮಾತು, ಗಾಡಿ ಆರಿಸುವಾಗ ಜೋಪಾನ. ನಮ್ಮ ಕಡೆ ಅರ್ಧಕ್ಕರ್ಧ ಜಿಪ್ಸಿಗಳಿಗೆ ದಪ್ಪ ಟೈರು ಹಾಕಿ, ಪ್ಲೇಟು ಸೆಟ್ (ಸ್ಪ್ರಿಂಗ್ ಪಟ್ಟಿಗಳು) ಬದಲಿಸಿ ಎತ್ತರ ಮಾಡಿಸಿರುತ್ತಾರೆ. ಅಂಥದ್ದು ಬೇಡ, ಕಂಪನಿಯಿಂದ ಬಂದ ಹಾಗೇ ಇರುವ ಒಂದು ಹುಡುಕಿ ಅಳೆಯಿರಿ.