ಈಸ್ಟರ್‌ಗೆ ಮುಂಚೆ ಕ್ರೈಸ್ತರು ಹಿಡಿಯುವ 40 ದಿನದ ಲೆಂಟ್ ಉಪವಾಸದಲ್ಲಿ ಮೀನು, ಹಾಲು, ಮೊಸರು ಬಿಟ್ಟರೆ ಬದಲಿಗೆ ಏನು ತಿನ್ನಬೇಕು?

ಕಲಬುರಗಿ, ಬೀದರ್ ಕಡೆಯ ಅಡುಗೆಮನೆಯಲ್ಲೇ ಬದಲಿ ಇದೆ. ದುಬಾರಿ ಬಾದಾಮಿ ಹಾಲಿನ ಡಬ್ಬಿ ಬೇಕಿಲ್ಲ.

ಮೊಸರಿಗೆ ಶೇಂಗಾ. ಒಂದು ಕಪ್ ಹಸಿ ಶೇಂಗಾ 8 ತಾಸು ನೆನೆಸಿ, ಸಿಪ್ಪೆ ತೆಗೆದು, 3 ಕಪ್ ನೀರಿನಲ್ಲಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಿ. ತಳ ಹತ್ತದಂತೆ ಕೈಯಾಡಿಸುತ್ತ ಕುದಿಸಿ, ಆರಲು ಬಿಡಿ. ಬೆರಳಿಗೆ ಉಗುರುಬೆಚ್ಚಗೆ ಅನ್ನಿಸಿದಾಗ ತೊಟ್ಟಿನ ಸಮೇತ ನಾಲ್ಕು ತೊಳೆದ ಹಸಿಮೆಣಸಿನಕಾಯಿ ಮುಳುಗಿಸಿ ಮುಚ್ಚಿಡಿ. 8–10 ತಾಸಿಗೆ ಹೆಪ್ಪಾಗುತ್ತದೆ. ಸುಡು ಹಾಲಿಗೆ ಹಾಕಿದರೆ ಹೆಪ್ಪುಗಟ್ಟಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಮೊದಲ ಸಲದ್ದು ತೆಳ್ಳಗೇ ಇರುತ್ತದೆ. ಅದರದೇ ಒಂದು ಚಮಚ ಮುಂದಿನ ಹೆಪ್ಪಿಗೆ ಬಳಸಿ. ನಮ್ಮ ಮಾರ್ಚ್ ಬಿಸಿಲಿಗೆ ಬೇಗ ಹುಳಿಯಾಗುತ್ತದೆ, ಆರು ತಾಸಿಗೇ ನೋಡಿ. ಕೆಟ್ಟ ವಾಸನೆ ಬಂದರೆ ಚೆಲ್ಲಿಬಿಡಿ.

ಇದರಲ್ಲಿ ಹಾಲಿನಷ್ಟು ಕ್ಯಾಲ್ಸಿಯಂ ಇಲ್ಲ. ಅದಕ್ಕೆ ಸಿಪ್ಪೆ ಸಹಿತ ಎಳ್ಳು, ರಾಗಿ, ನುಗ್ಗೆ ಸೊಪ್ಪು. ಪುಂಡಿಪಲ್ಯ (ಗೋಂಗುರ) ರುಚಿಯೇನೋ ಹೌದು, ಆದರೆ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ದೇಹ ಕ್ಯಾಲ್ಸಿಯಂ ಹೀರದಂತೆ ತಡೆಯುತ್ತದೆ.

ಮೀನಿನಲ್ಲಿರುವ ಒಳ್ಳೆಯ ಕೊಬ್ಬಾದ ಒಮೆಗಾ-3ಗೆ ರೊಟ್ಟಿ ಜೊತೆ ದಿನಕ್ಕೊಂದು ದೊಡ್ಡ ಚಮಚ ಅಗಸಿ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ). ಇಡೀ ಕಾಳು ಜೀರ್ಣವಾಗದೆ ಹೊರಹೋಗುತ್ತದೆ, ಪುಡಿಯೇ ಬೇಕು. ಪುಡಿ ಬೇಗ ಕಮಟುವುದರಿಂದ ವಾರಕ್ಕಾಗುವಷ್ಟೇ ಮಾಡಿ. ಮೀನಿನಲ್ಲಿರುವ ಒಮೆಗಾ-3 ಬಗೆಯೇ ಬೇರೆ. ಅಗಸಿಯದು ದೇಹದಲ್ಲಿ ಅದಾಗಿ ಬದಲಾಗುವುದು ಸ್ವಲ್ಪವೇ. ಪ್ರೋಟೀನಿಗೆ ತೊಗರಿಬೇಳೆ: ಬೇಯಿಸದ 100 ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ.

ವಿಟಮಿನ್ ಬಿ12 ಗಿಡಮೂಲದ ಊಟದಲ್ಲಿ ಸಿಗದು. ಆರೋಗ್ಯವಂತರಿಗೆ 40 ದಿನ ತೊಂದರೆಯಿಲ್ಲ. ಬಸುರಿಯರು, ಮೊದಲೇ ಕೊರತೆ ಇದ್ದವರು ಡಾಕ್ಟರನ್ನು ಕೇಳಿಯೇ ಉಪವಾಸ ಹಿಡಿಯಬೇಕು.