ಮಾಡೆಲ್ ರೈಲು ನೋಡಿ ಹುಚ್ಚು ಹತ್ತಿದೆ, ಚಿಕ್ಕ ಮನೆಯಲ್ಲಿ ಎಲ್ಲಿಂದ ಶುರು ಮಾಡಲಿ?

ಪುಣೆಯಲ್ಲಿ ಪುಟ್ಟ ರೈಲುಗಳು ಓಡುವ ಜೋಶಿ ಮ್ಯೂಸಿಯಂ ನೋಡಿ ಬಂದೆ, ಬಾಡಿಗೆ ಮನೆಯಲ್ಲಿ ಅಷ್ಟು ದೊಡ್ಡದು ಆಗುವುದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಅಷ್ಟು ದೊಡ್ಡದು ಬೇಕಾಗಿಯೂ ಇಲ್ಲ. ನಾನು ಚಿಕ್ಕಬಳ್ಳಾಪುರದವನು, ನನಗೂ ಈ ಹುಚ್ಚು ಹತ್ತಿದ್ದು ಆ ಮ್ಯೂಸಿಯಂನಲ್ಲೇ.

ಅಲ್ಲಿ ದೀಪ ಆರಿಸಿ ಪುಟ್ಟ ಊರಿಗೆ ರಾತ್ರಿ ಮಾಡಿದಾಗ ಎಲ್ಲರೂ ಬೆರಗಾಗುತ್ತಾರೆ. ನನಗೆ ಉಪಯೋಗಕ್ಕೆ ಬಂದಿದ್ದು ಬೇರೆ. ಗುಡ್ಡದೊಳಗೆ ಹೋದ ರೈಲು ಸ್ವಲ್ಪ ಹೊತ್ತು ಕಾಣುವುದಿಲ್ಲ. ಅಷ್ಟರಲ್ಲಿ ನಮ್ಮ ಕಣ್ಣು ಇನ್ನೊಂದು ರೈಲಿನ ಮೇಲೆ. ಅದು ಈಚೆ ಬಂದಾಗ ಎಲ್ಲೋ ದೂರದ ಊರಿಂದ ಬಂತು ಅನ್ನಿಸುತ್ತದೆ. ಸುತ್ತಿದ್ದು ಅದೇ ಸುತ್ತು! ಇಂಥ ಒಂದು ಮರೆ ಇದ್ದರೆ ಎರಡಡಿಗೆ ನಾಲ್ಕಡಿ ಪ್ಲೈವುಡ್ ಸಾಕು.

ಇನ್ನು ಅಳತೆ. ಮ್ಯೂಸಿಯಂನದು ಎಚ್‌ಓ ಸ್ಕೇಲ್, ಅಂದರೆ 1:87, ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಎರಡು ಹಳಿಗಳ ನಡುವಿನ ಅಗಲ 16.5 ಮಿ.ಮೀ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 19ಕ್ಕೂ ಜಾಸ್ತಿ ಬರುತ್ತದೆ. ಹಾಗಾಗಿ ಎಚ್‌ಓ ಹಳಿ ಮೇಲೆ ನಮ್ಮ ರೈಲು ನಿಂತರೆ ಹಳಿ ಕಿರಿದಾಗಿ ಕಾಣುತ್ತದೆ. ತುಂಬ ಜನ ಸಹಿಸಿಕೊಳ್ಳುತ್ತಾರೆ, ನನಗೆ ಕಣ್ಣು ಚುಚ್ಚುತ್ತದೆ.

ಆದರೆ ನಮ್ಮ ಕಡೆಯ ಹಳೇ ಲೈನ್ ನೆನಪಿಸಿಕೊಳ್ಳಿ. ಬಂಗಾರಪೇಟೆ, ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಯಲಹಂಕಕ್ಕೆ ಹೋಗುತ್ತಿದ್ದದ್ದು ಎರಡೂವರೆ ಅಡಿಯ ನ್ಯಾರೋ ಗೇಜ್. ಕೋಲಾರ-ಚಿಕ್ಕಬಳ್ಳಾಪುರ ಭಾಗ ಬ್ರಾಡ್ ಗೇಜ್ ಆಗಿ ತೆರೆದದ್ದು 2013ರಲ್ಲಿ. ಹಳೇ ನ್ಯಾರೋ ಗೇಜಿನ ಆ ಎರಡೂವರೆ ಅಡಿ, ಅಂದರೆ 762 ಮಿ.ಮೀ. ಅನ್ನು 87ರಿಂದ ಭಾಗಿಸಿ: ಸುಮಾರು 8.8. ಎಚ್‌ಓಗಿಂತ ಚಿಕ್ಕ ಅಳತೆಯಾದ ಎನ್ ಸ್ಕೇಲ್‌ನ ಹಳಿ 9 ಮಿ.ಮೀ.! ಎನ್ ಸ್ಕೇಲ್‌ನ ಪುಟ್ಟ ಇಂಜಿನ್ ತಗೊಂಡು, ಅದರ ಮೇಲೆ ಎಚ್‌ಓ ಅಳತೆಯ ಬಾಡಿ ಕೂರಿಸಿದರೆ ಆಯ್ತು. ಅಂಗಡಿಯಲ್ಲಿ ಕೇಳುವಾಗ ಎಚ್‌ಓಎನ್30 ಅನ್ನಿ. ಚಿಕ್ಕ ಇಂಜಿನ್ 9 ಇಂಚು ರೇಡಿಯಸ್‌ನಲ್ಲಿ ಆರಾಮಾಗಿ ತಿರುಗುತ್ತದೆ, ಎರಡಡಿ ಹಲಗೆಯಲ್ಲಿ ಅದು ಹಿಡಿಸುತ್ತದೆ.

ಯಾವ ಊರು ಮಾಡುವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಂದಿ ಹಾಲ್ಟ್ ಇದೆಯಲ್ವಾ? ಹಂಚಿನ ಮಾಡಿನ ಪುಟ್ಟ ಸ್ಟೇಷನ್, ಹಿಂದೆ ಬೆಟ್ಟ. ಮರೆಗೆ ಆ ಬೆಟ್ಟವೇ ಆಯ್ತು. ಥರ್ಮೋಕೋಲ್ ಕೆತ್ತಿ, ಮೇಲೆ ಪ್ಲಾಸ್ಟರ್ ಬಳಿದರೆ ಬಂಡೆ. ಮುಂದೆ ಒಂದಿಷ್ಟು ದ್ರಾಕ್ಷಿ ಚಪ್ಪರ ಹಾಕಿ, ನೋಡಿದವರಿಗೆ ಊರು ಯಾವುದು ಅಂತ ಹೇಳಬೇಕಾಗಿಲ್ಲ. ಸ್ವಿಟ್ಜರ್ಲೆಂಡ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಹಳಿಗೆ ಜಲ್ಲಿ ಅಂತ ಪ್ಯಾಕೆಟ್ ತರಿಸಬೇಡಿ, ಸುಮ್ನೆ ದುಡ್ಡು ದಂಡ. ಎಂ-ಸ್ಯಾಂಡ್ ಅನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಆಮೇಲೆ ಅದರಲ್ಲಿ ಆಯಸ್ಕಾಂತ ಆಡಿಸಿ. ಕಬ್ಬಿಣದ ಚೂರು ಉಳಿದರೆ ಮೋಟಾರಿಗೆ ಅಂಟುತ್ತದೆ. ಹಳಿ ನಡುವೆ ಬ್ರಷ್‌ನಲ್ಲಿ ಹರಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿದ ನೀರನ್ನು ಸ್ಪ್ರೇ ಮಾಡಿ. ಅದು ಇಲ್ಲದಿದ್ದರೆ ಅಂಟು ಒಳಗಿಳಿಯದೆ ಮೇಲೇ ಮುತ್ತುಗಟ್ಟಿ ಮರಳನ್ನು ಎತ್ತಿಬಿಡುತ್ತದೆ. ಒದ್ದೆ ಇರುವಾಗಲೇ ನೀರು ಬೆರೆಸಿದ ಫೆವಿಕಾಲ್ ಅನ್ನು ಡ್ರಾಪರ್‌ನಲ್ಲಿ ಬಿಟ್ಟು, ಒಂದು ರಾತ್ರಿ ಮುಟ್ಟದೆ ಬಿಡಿ.

ಹಳಿ, ಇಂಜಿನ್ನಿಗೆ ಮಾತ್ರ ಜಿಪುಣತನ ಬೇಡ. ಕಂಟ್ರೋಲರ್ ಸದ್ಯಕ್ಕೆ ಮಾಮೂಲಿ 12 ವೋಲ್ಟ್ ಡಿಸಿ ಇರಲಿ. ಡಿಸಿಸಿ ಅಂದರೆ ಒಂದೇ ಹಳಿ ಮೇಲಿನ ಹಲವು ಇಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸುವ ಡಿಜಿಟಲ್ ಕಂಟ್ರೋಲ್; ಒಂದೇ ಇಂಜಿನ್ ಓಡಿಸುವಾಗ ಅದಕ್ಕೆ ದುಡ್ಡು ಸುರಿಯುವ ಅವಸರ ಏನೂ ಇಲ್ಲ.