ಹಾಡುವವರನ್ನು ಬಿಟ್ಟು ಪಕ್ಕಕ್ಕೆ ನೋಡುತ್ತಿರುವ ಜನ

ಪ್ರಶ್ನೆ: 1969ರ ಆಲ್ಟಮಾಂಟ್ ರಾಕ್ ಕಾನ್ಸರ್ಟ್‌ನ ಒಂದಿಷ್ಟು ಹಳೇ ಕಪ್ಪು-ಬಿಳುಪು ಫೋಟೊ ನೋಡಿದೆ. ರೋಲಿಂಗ್ ಸ್ಟೋನ್ಸ್ ತಂಡದ ಹಾಡುಗಾರ ಮಿಕ್ ಜ್ಯಾಗರ್ ಹಾಡುತ್ತಿದ್ದಾರೆ, ಆದರೆ ಎದುರಿಗಿರುವ ಎಷ್ಟೋ ಜನ ಬೇರೆಲ್ಲೋ ನೋಡುತ್ತಿದ್ದಾರೆ. ಯಾಕೆ? ಇವು ಅದೇ ವರ್ಷದ ವುಡ್‌ಸ್ಟಾಕ್ ಸಂಗೀತೋತ್ಸವದ ಫೋಟೊಗಳ ಜೊತೆ ಬೆರೆತಿದ್ದರೆ ಗುರುತಿಸೋದು ಹೇಗೆ?

ಉತ್ತರ: ಪಕ್ಕದಲ್ಲೇ ಹೊಡೆದಾಟ ನಡೀತಾ ಇತ್ತು, ಅದಕ್ಕೆ. ಆ ಫೋಟೊಗಳನ್ನು ಮತ್ತೊಮ್ಮೆ ತೆಗೆದು, ಜ್ಯಾಗರ್ ಅವರ ಮುಖ ಬಿಟ್ಟು ಅವರ ಕಾಲಿನ ಹತ್ತಿರ ನೋಡಿ. ಸ್ಟೇಜ್ ಎಷ್ಟು ಗಿಡ್ಡ ಇದೆ ಅಲ್ವಾ? ಸುಮಾರು ಒಂದು ಮೀಟರ್ ಅಷ್ಟೇ, ಮುಂದೆ ನಿಂತವರು ಅದರ ಮೇಲೆ ಮೊಣಕೈ ಊರಬಹುದಿತ್ತು.

ಆ ಸ್ಟೇಜ್ ಮಾಡಿದ್ದು ಬೇರೆ ಜಾಗಕ್ಕೆ. ಮೊದಲು ನಿಗದಿಯಾಗಿದ್ದ ಸಿಯರ್ಸ್ ಪಾಯಿಂಟ್‌ನಲ್ಲಿ ಸ್ಟೇಜ್ ದಿಬ್ಬದ ಮೇಲಿರುತ್ತಿತ್ತು, ಜನ ಕೆಳಗೆ. ಕೊನೇ ಗಳಿಗೆಯಲ್ಲಿ ಜಾಗ ಬದಲಾಗಿ ಎಲ್ಲವನ್ನೂ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ರೇಸ್ ಟ್ರ್ಯಾಕ್‌ಗೆ ಸಾಗಿಸಿದರು, ಅಲ್ಲಿ ಸ್ಟೇಜ್ ಬಂದದ್ದು ಇಳಿಜಾರಿನ ತಳಕ್ಕೆ. ಡಿಸೆಂಬರ್ 6ರಂದು ಸುಮಾರು 3 ಲಕ್ಷ ಜನ ಬಂದರು. ಹಿಂದಿನವರು ಒತ್ತಿದಷ್ಟೂ ಮುಂದಿನವರು ಸ್ಟೇಜ್ ಮೇಲೆ ಬೀಳುತ್ತಿದ್ದರು, ಅವರನ್ನು ತಡೆಯೋಕೆ ನಿಂತಿದ್ದವರು ಹೆಲ್ಸ್ ಏಂಜಲ್ಸ್ ಎಂಬ ಬೈಕ್ ಗ್ಯಾಂಗ್‌ನವರು. ಅವರಿಗೆ ಕೊಟ್ಟದ್ದು 500 ಡಾಲರ್‌ನ ಬಿಯರ್ ಎನ್ನುತ್ತಾರೆ. ಅವರು ಬಿಲಿಯರ್ಡ್ಸ್ ಕೋಲು ಹಿಡಿದು ಜನರನ್ನು ಬಡಿದರು. ಜೆಫರ್ಸನ್ ಏರ್‌ಪ್ಲೇನ್ ತಂಡದ ಹಾಡುಗಾರ ಮಾರ್ಟಿ ಬ್ಯಾಲಿನ್ ಅವರನ್ನೇ ಪ್ರಜ್ಞೆ ತಪ್ಪುವಂತೆ ಹೊಡೆದರು. ಅಷ್ಟಾದ ಮೇಲೂ ಕಾರ್ಯಕ್ರಮ ನಿಲ್ಲಿಸಲಿಲ್ಲ ಅನ್ನೋದು ನನಗೆ ಇವತ್ತಿಗೂ ನುಂಗಲಾಗದ ಮಾತು.

ಕತ್ತಲಾದ ಮೇಲೆ ರೋಲಿಂಗ್ ಸ್ಟೋನ್ಸ್ ಹಾಡುವಾಗ ಮೆರೆಡಿತ್ ಹಂಟರ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಸ್ಟೇಜ್ ಹತ್ತಿರವೇ ಹೆಲ್ಸ್ ಏಂಜಲ್ಸ್‌ನವನೊಬ್ಬ ಇರಿದು ಕೊಂದ. ಹಂಟರ್ ಕೈಯಲ್ಲಿ ಪಿಸ್ತೂಲು ಇತ್ತು. ಅಲ್ಲಿ ಚಿತ್ರೀಕರಿಸುತ್ತಿದ್ದ ಸಾಕ್ಷ್ಯಚಿತ್ರದ ಕ್ಯಾಮೆರಾದಲ್ಲಿ ಅದೂ ಸೆರೆಯಾಗಿದೆ, ಇರಿತವೂ ಸೆರೆಯಾಗಿದೆ. ಇರಿದವನು ಆತ್ಮರಕ್ಷಣೆ ಎಂದು ವಾದಿಸಿ ಬಿಡುಗಡೆಯಾದ. ಅದೇ ಕಾರ್ಯಕ್ರಮದಲ್ಲಿ ಇನ್ನೂ ಮೂವರು ಸತ್ತರು, ಇಬ್ಬರು ಕಾರು ಹರಿದು, ಒಬ್ಬರು ಕಾಲುವೆಯಲ್ಲಿ ಮುಳುಗಿ.

ಗುರುತಿಸೋದು ಕಷ್ಟವಿಲ್ಲ. ವುಡ್‌ಸ್ಟಾಕ್ ನಡೆದದ್ದು ಆಗಸ್ಟ್‌ನಲ್ಲಿ, ಮಳೆ, ಕೆಸರು, ಬರೀ ಮೈ. ಆಲ್ಟಮಾಂಟ್‌ನಲ್ಲಿ ಮರಗಳಿಲ್ಲದ ಬೋಳು ಗುಡ್ಡ, ಕೋಟು ಕಂಬಳಿ ಹೊದ್ದ ಜನ, ಬೆನ್ನ ಮೇಲೆ ರೆಕ್ಕೆ ಇರುವ ತಲೆಬುರುಡೆಯ ಚಿತ್ರ ಹೊತ್ತ ಹೆಲ್ಸ್ ಏಂಜಲ್ಸ್ ಜಾಕೆಟ್‌ಗಳು. ಛಾಯಾಗ್ರಾಹಕ ಬಿಲ್ ಓವೆನ್ಸ್ ಎತ್ತರದಿಂದ ತೆಗೆದ ಫೋಟೊ ಸಿಕ್ಕರೆ ಬಿಡಬೇಡಿ. ನೆಲವೇ ಕಾಣದಷ್ಟು ತಲೆಗಳು. ಅದನ್ನು ನೋಡಿದರೆ ಮುಂದಿನ ಸಾಲಿನವರಿಗೆ ಓಡಿಹೋಗೋಕೆ ಯಾಕೆ ಆಗಲಿಲ್ಲ ಅಂತ ನಿಮಗೇ ತಿಳಿಯುತ್ತದೆ.